ಹಳದಿ ವೈರಿನ ರಿಪೇರಿ

ನಿಮ್ಮಮ್ಮನ ಟಿ.ವಿ. ಕೋಣೆಯಿಂದ,
ತಾರೀಖು ೧೪, ಭಾನುವಾರ

ಪ್ರೀತಿಯ ಬಂಗಾರೀ,

ನಿನ್ನ ಸೋದರಮಾವನ ಆಶೀರ್ವಾದ. ಹೇಗಿದ್ದೀಯೆ? ಆಸ್ಪತ್ರೆಯಲ್ಲಿ ಕಂಡಕಂಡವರ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಭರದಲ್ಲಿ ಊಟ ಮರೆಯುತ್ತಿಲ್ಲ ತಾನೆ? ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಕ್ಕನ ಮಾತು ಪೂರ್ತಿ ಸರಿಹೋಗಿದೆ, ನನ್ನನ್ನು ಬೈಯಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿಯೇ. ಲಕ್ವ ಹೊಡೆದ ಬಲಗೈ ಮಾತ್ರ ಮಡಿಲಲ್ಲಿ ಬೆಕ್ಕಿನ ಹಾಗೆ ಮುದುರಿಕೊಂಡಿತ್ತು. "ಇದು ಇನ್ನಿಷ್ಟೇ ಬಿಡೋ" ಅಂತ ಆಸೆ ಬಿಟ್ಟು ಕೂತಿದ್ದಳು.

ಅಷ್ಟರಲ್ಲಿ ನೀನು ಬೆರಳಿನ ವ್ಯಾಯಾಮ ತೋರಿಸಿ ಕಳಿಸಿದ ವಿಡಿಯೋ ಡಿಸ್ಕು ಬಂತು. ಪ್ಲೇಯರನ್ನು ಟಿ.ವಿ.ಗೆ ಜೋಡಿಸಿದವನು ನಾನೇ. ನಿನ್ನ ದನಿ ಗಂಟೆ ಹೊಡೆದ ಹಾಗೆ ಕೇಳಿತು, ಪರದೆ ಮಾತ್ರ ಬರೀ ನೀಲಿ. "ನೀನು ಮುಟ್ಟಿದ ಯಾವ ವಸ್ತು ಉದ್ಧಾರವಾಗಿದೆಯೋ?" ಅಂದಳು ಅಕ್ಕ. ರಿಪೇರಿ ಅಂಗಡಿಯವನು ಬರುವ ತನಕ ಬರೀ ದನಿಯನ್ನೇ ಹಾಕುತ್ತಿದ್ದೆವು. ಆ ಮಹಾರಾಯ ಕೊನೆಗೂ ಬಂದು, ಮುಂದಿನಿಂದಲೇ ನೋಡಿ, "ಟಿ.ವಿ. ಹೋಯ್ತು, ಹೊಸದು ತಗೊಳ್ಳಿ" ಅಂದು ಚಹಾ ಕುಡಿದು ಹೋದ. ನಾನು ಬಿಡುವವನೇ? ಹಳ್ಳಿ ಶಾಲೆಯಲ್ಲಿ ಓದಿದವನಾದರೇನು, ಮೇಷ್ಟರ ರೇಡಿಯೋ ಬಿಚ್ಚಿದವನು ನಾನು. ಮತ್ತೆ ಕೂಡಿಸಿದವರು ಬೇರೆ. ಟಿ.ವಿ. ತಿರುಗಿಸಿ ಟಾರ್ಚ್ ಬಿಟ್ಟೆ. ಸದ್ದಿನ ಕೆಂಪು, ಬಿಳಿ ವೈರುಗಳು ಒಳಬರುವ ಸಾಲಿನಲ್ಲಿ ಸರಿಯಾಗಿಯೇ ಕೂತಿದ್ದವು. ಚಿತ್ರ ತರುವ ಹಳದಿ ವೈರು ಪಕ್ಕದ ಹೊರಹೋಗುವ ಸಾಲಿನಲ್ಲಿತ್ತು. ಅಲ್ಲೂ ಹಳದಿ ತೂತು, ಇಲ್ಲೂ ಹಳದಿ ತೂತು. ಯಾವ ಪುಣ್ಯಾತ್ಮ ಅಲ್ಲಿ ಸಿಕ್ಕಿಸಿದ್ದನೋ, ಆ ವಿಚಾರಣೆ ಈಗ ಬೇಡ. ಬದಲಾಯಿಸಿದ್ದೇ ತಡ, ನೀನು ಬಣ್ಣಬಣ್ಣವಾಗಿ ಎದ್ದು ಬಂದೆ!

ಅನಾಹುತ ಶುರುವಾದದ್ದೇ ಆಗ. ಚಿತ್ರವಿಲ್ಲದಾಗ ಅಕ್ಕ ಕಣ್ಣು ಮುಚ್ಚಿ, ನಿನ್ನ ದನಿ ಹೇಳಿದ ಹಾಗೆ ಬೆರಳು ಆಡಿಸಲು ಒದ್ದಾಡುತ್ತಿದ್ದಳು. ಹೆಬ್ಬೆರಳು ಚೂರು ಅಲುಗಿಯೂ ಇತ್ತು. ನಿನ್ನ ಮುಖ ಕಂಡ ಮೇಲೆ ವ್ಯಾಯಾಮ ಎಲ್ಲಿಂದ ಬಂತು? "ಸೊರಗಿದ್ದಾಳೆ ನೋಡೋ. ಆ ಕೂದಲು ಕತ್ತರಿಸಿದವರು ಯಾರು?" ನೀನು "ಬೆರಳು ಮಡಚಮ್ಮಾ" ಅಂದರೆ "ಹೂಂ ಕಂದಾ" ಅನ್ನುತ್ತಾಳೆ, ಮಡಚುವುದಿಲ್ಲ. ಹೀಗಾದರೆ ಕೈ ಉಳಿಯುವುದಿಲ್ಲ ಅನ್ನಿಸಿ, ಮಾರನೆಯ ದಿನ ಹಳದಿ ವೈರನ್ನು ಮೆಲ್ಲಗೆ ಎಳೆದುಬಿಟ್ಟೆ. "ಅಯ್ಯೋ, ಮತ್ತೆ ಕೆಟ್ಟಿತಲ್ಲಕ್ಕಾ!" ಈಗ ದಿನವೂ ವ್ಯಾಯಾಮ ಮುಗಿಯುವ ತನಕ ಟಿ.ವಿ. ಕೆಟ್ಟಿರುತ್ತದೆ. ಮುಗಿದ ಮೇಲೆ ನಾನು ಸ್ಕ್ರೂಡ್ರೈವರ್ ಹಿಡಿದು, ಇಲ್ಲದ ಬೆವರು ಒರೆಸಿಕೊಂಡು, ರಿಪೇರಿ ಮಾಡುತ್ತೇನೆ. ಬೀದಿಯವರೆಲ್ಲ ಇಂಜಿನಿಯರ್ ಸಾಹೇಬರೇ ಅನ್ನುತ್ತಿದ್ದಾರೆ. ದೊಡ್ಡವರ ಮಾತು ಯಾಕೆ ತಿದ್ದಲಿ ಅಂತ ಸುಮ್ಮನಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು. ನಿನ್ನ ನಗು ಹೀಗೇ ಇರಲಿ.

ಇಂತಿ ನಿನ್ನ ಮಾವ,
ಇಂಜಿನಿಯರ್

ತಾ.ಕ.: ಲಕೋಟೆಗೆ ಅಂಟು ತರಲು ಒಳಗೆ ಹೋಗಿದ್ದೆ. ವಾಪಸು ಬಂದರೆ ಪರದೆಯ ಮೇಲೆ ನೀನು! ಅಕ್ಕ ಟಿ.ವಿ. ಹಿಂದೆ ಬಗ್ಗಿ ನಿಂತಿದ್ದಳು. "ಇಷ್ಟೇ ಏನೋ ನಿನ್ನ ರಿಪೇರಿ, ಕಳ್ಳಾ?" ಎಡಗೈ ಗೋಡೆಗೆ ಊರಿತ್ತು ಬಂಗಾರೀ. ಹಳದಿ ವೈರನ್ನು ಅದುಮಿ ಹಿಡಿದಿದ್ದದ್ದು ಬಲಗೈ. ನನ್ನ ಇಂಜಿನಿಯರ್ ಕೆಲಸ ಹೋಯಿತು. ಮುಂದಿನ ಡಿಸ್ಕಿನಲ್ಲಿ ರವಿಕೆಯ ಗುಂಡಿ ಹಾಕುವುದನ್ನು ಹೇಳಿಕೊಡು, ಬೇಗ ಕಳಿಸು. ಮುಖ ಮಾತ್ರ ಕೊನೆಯಲ್ಲಿ ತೋರಿಸು.