ನೊಂದ ನಿವಾಸಿಗಳು

ಜಗನ್ನಾಥ ಮಾಮನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ನಿಮ್ಮ ಎದೆ ಧಸಕ್ಕೆಂದಿದ್ದರೆ ತಪ್ಪು ನನ್ನದು. ಇದು ಸೀತಾ ಟೀಚರ್ ಅಕ್ಷರವಲ್ಲ, ನನ್ನದು. ಎರಡು ವರ್ಷದ ಹಿಂದೆ ನಿಮ್ಮ ಹಿಟ್ಟಿನ ಗಿರಣಿಯ ಮೇಲೆ ಲೈಸೆನ್ಸ್ ಆಫೀಸಿಗೆ ಹೋದ ದೂರು ಅರ್ಜಿಯ ಅಕ್ಷರವೂ ನನ್ನದೇ. ಅದನ್ನು ಟೀಚರ್ ಬರೆದಿರಲಿಲ್ಲ, ನಾನು ಬರೆದೆ. ಮಿಕ್ಕದ್ದನ್ನು ಓದದೆ ನೀವು ಹರಿದು ಹಾಕಿದರೂ ಇದೊಂದು ಗೊತ್ತಾಗಿರಲಿ ಎಂದು ಮೊದಲೇ ಹೇಳಿಬಿಟ್ಟೆ.

ಏಳು ವರ್ಷದವಳಿದ್ದಾಗಿನಿಂದ ನಾನು ನಿಮ್ಮ ಗಿರಣಿಗೆ ಡಬ್ಬ ಹೊತ್ತು ಬಂದವಳು. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರೂ ನಿಮ್ಮ ಮುಂದೆ ನಿಂತು ಕಾಯುತ್ತಿರಲಿಲ್ಲ. ಡಬ್ಬವನ್ನು ಸಾಲಿನಲ್ಲಿಟ್ಟು ಹೋದರೆ ಅದೇ ಸರದಿ. ಮುಚ್ಚಳ ತೆಗೆದರೆ ಕಾಳಿನ ಮೇಲೆ ಒಂದು ಚೀಟಿ: ಹೆಸರು, ಮನೆ ನಂಬರು, ಹೇಗೆ ಬೀಸಬೇಕು ಅಂತ. ನಮ್ಮಮ್ಮನ ಚೀಟಿಯಲ್ಲಿ ಬರೀ 'ರಾಗಿ' ಅಂತ ಇರುತ್ತಿತ್ತು. ಸೀತಾ ಟೀಚರ್ ಚೀಟಿ ಮಾತ್ರ ಒಂದು ಸಣ್ಣ ಕಾಗದದಂತೆ. 'ಗೋಧಿ, ನಾಲ್ಕು ಸೇರು, ಚಪಾತಿಗೆ, ಹೋದ ಸಲಕ್ಕಿಂತ ತುಸು ನಯವಾಗಿ, ವಂದನೆಗಳು.' ನೀವು ಅದನ್ನು ಓದಿ ನಗುತ್ತಾ, "ನಮ್ ಟೀಚರಮ್ಮ ಹಿಟ್ಟಿಗೂ ನಮಸ್ಕಾರ ಹಾಕ್ತಾರೆ ಕಣಮ್ಮ" ಅಂದು ಆ ಚೀಟಿಯನ್ನು ಬಿಸಾಡದೆ ಮೊಳೆಗೆ ಸಿಕ್ಕಿಸುತ್ತಿದ್ದಿರಿ. ಮೂವತ್ತು ವರ್ಷದ ಚೀಟಿಗಳು ಆ ಮೊಳೆಯಲ್ಲಿದ್ದವು.

ಬೆಳಿಗ್ಗೆ ಕಲ್ಲು ಒರೆಸಿದ ಮೇಲೆ ಮೊದಲು ಬೀಳುತ್ತಿದ್ದುದು ಯಾವುದಾದರೂ ಮಗುವಿನ ಸರಿ ಹಿಟ್ಟಿನ ರಾಗಿ. ಅದು ಮುಗಿಯುವವರೆಗೆ ಎಂಥವರ ಗೋಧಿಗೂ ಜಾಗವಿಲ್ಲ. ಖಾರದ ಪುಡಿಯ ಮಿಷನ್ ಹಿಂದಿನ ಕೋಣೆಯಲ್ಲಿ, ಅದೂ ಶನಿವಾರ ಮಧ್ಯಾಹ್ನ ಮಾತ್ರ. ಅವಸರದ ಗಿರಾಕಿ ಯಾರಾದರೂ "ಅರ್ಧ ಕೇಜಿ ಮೆಣಸಿನಕಾಯಿ ಅಷ್ಟೇ, ಇದರಲ್ಲೇ ಹಾಕ್ಬಿಡಿ" ಎಂದರೆ, "ಯಾವ್ದೋ ಕೂಸಿನ ಬಾಯಿ ಉರಿಯುತ್ತೆ ಸಾರ್. ಬಂದು ನೀವು ಎತ್ಕೊಂಡು ಓಡಾಡ್ತೀರಾ?" ಎಂದು ಕೇಳುತ್ತಿದ್ದಿರಿ. ಅವರು ಡಬ್ಬ ಇಟ್ಟು ಹೋಗುತ್ತಿದ್ದರು.

ನಾನು ಹತ್ತನೇ ಕ್ಲಾಸನ್ನು ನಡುವೆಯೇ ಬಿಟ್ಟೆ. ಫೇಲಾಗಿರಲಿಲ್ಲ, ಮನೆಯಲ್ಲಿ ಕಷ್ಟವೂ ಇರಲಿಲ್ಲ. ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಅದನ್ನೇ ಹೆಡ್‌ಮಾಸ್ಟರಿಗೂ ಹೇಳಿದೆ. ರಸ್ತೆಯ ಎಲ್ಲರೂ ಕಾರಣ ಕೇಳಿದರು. ನೀವು ಕೇಳಲಿಲ್ಲ. ಗಿರಣಿಯ ಪಕ್ಕದ ಗೋಡೆ ತೋರಿಸಿ, "ಕೈ ಸುಮ್ನಿರಲ್ಲ ಅಂತೀಯಲ್ಲ, ಬರಿ ಹೋಗು" ಅಂದಿರಿ. ಶಟರಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದ ಅರ್ಧ ಡಬ್ಬ ಕೊಟ್ಟಿರಿ. ನಾನು ಬರೆದ ಹುಂಜ ಕೋಳಿಯಂತೆ ಇರಲಿಲ್ಲ. ಅದರ ಮುಂದೆ ನಿಂತು, "ಇದು ಕೂಗುತ್ತಾ, ಬೊಗಳುತ್ತಾ?" ಅಂತ ಕೇಳಿದ್ದಿರಿ. ಅದು ನನ್ನ ಮೊದಲನೆಯ ಗೋಡೆ.

ಆಮೇಲೆ ಏಳು ವರ್ಷ ಗೋಡೆ ಬರೆದೆ. ಫ್ಲೈಓವರ್ ಕಂಬಗಳಿಗೆ ಗಿಡ, ಗುಬ್ಬಿ, 'ಕಸ ಹಾಕಬೇಡಿ'. ಹೇಳಿದ್ದನ್ನು ಬರೆಯುವ ಕೆಲಸ. ನನ್ನದೇ ಎಂದು ತೋರಿಸುವಂಥ ಒಂದು ದೊಡ್ಡ ಗೋಡೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ರಸ್ತೆ ಖಾಲಿಯಾಗುತ್ತಾ ಬಂತು. ಸೀರೆಗೆ ಫಾಲ್ ಹಾಕುತ್ತಿದ್ದ ಮೋಹನ್ ಕುಮಾರ್ ಅಂಗಡಿ ಮೊಮೊ ಅಂಗಡಿಯಾಯಿತು. ಕುಕ್ಕರ್ ರಿಪೇರಿಯವರು ಯಾವಾಗ ಹೋದರೆಂದು ಯಾರೂ ಗಮನಿಸಲಿಲ್ಲ, ನಾನೂ. ಸಂಜೆ ಆರಾದರೆ ಬೈಕುಗಳು, ಬೌನ್ಸರುಗಳು. ನನಗೆ ಬೇಸರವಾಗಲಿಲ್ಲ, ಅದನ್ನೂ ಹೇಳಬೇಕು. ಪಬ್ಬುಗಳ ಒಳಗೋಡೆಗಳನ್ನು ಕಂಡರೆ ನನಗೆ ಆಸೆಯಾಗುತ್ತಿತ್ತು.

ಸುಘೋಷ್ ಅನ್ನುವವರು ಪಬ್ ಮಾಡಲು ನಿಮ್ಮ ಗಿರಣಿ ಜಾಗ ಕೇಳಿಕೊಂಡು ಬಂದಿದ್ದು ಆಗಲೇ. ಕಟ್ಟಡದ ಓನರ್ ಭೈರೇಶಣ್ಣ ಒಪ್ಪಿರಲಿಲ್ಲ. ನೀವು ಮಿಷನ್ ತಿರುಗಿಸುವವರೆಗೆ ಜಾಗ ನಿಮ್ಮದು ಅಂತ ಅವರಪ್ಪ ನಿಮಗೆ ಮಾತು ಕೊಟ್ಟಿದ್ದರಂತೆ. ಸುಘೋಷ್ ನನ್ನನ್ನು ಕರೆದು ಪ್ಲಾನ್ ತೋರಿಸಿದರು. ನಲವತ್ತು ಅಡಿ ಉದ್ದದ ಗೋಡೆ. "ಇದು ಪೂರ್ತಿ ನಿಂದೇ ಬಿಂದು, ಮೂಲೇಲಿ ನಿನ್ ಹೆಸರು" ಅಂದರು. "ಒಂದು ಅರ್ಜಿ ಬೇಕು ಅಷ್ಟೇ. ಧೂಳು, ಸೌಂಡು, ಏನೋ ಒಂದು. ಕನ್ನಡದಲ್ಲಿ ನೀಟಾಗಿ ಇರ್ಲಿ. ನಂಗೆ ಬರಿಯೋಕ್ ಬರಲ್ಲ."

ಅವತ್ತೇ ಬರೆದುಕೊಟ್ಟೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಧೂಳಿನಿಂದ ಹಸುಗೂಸುಗಳಿಗೂ ವೃದ್ಧರಿಗೂ ಉಸಿರಾಟದ ತೊಂದರೆಯಾಗುತ್ತಿದೆ ಎಂದು ಬರೆದೆ. ಹಸುಗೂಸುಗಳು ಎಂದು ಬರೆಯುವಾಗಲೂ ನನ್ನ ಕೈ ನಿಲ್ಲಲಿಲ್ಲ. ಕೆಳಗೆ ಯಾರ ಸಹಿಯೂ ಇಲ್ಲ, 'ಇಂತಿ, ನೊಂದ ನಿವಾಸಿಗಳು' ಎಂದಷ್ಟೇ. ಲೈಸೆನ್ಸ್ ರಿನ್ಯೂ ಆಗಲಿಲ್ಲ. ಭೈರೇಶಣ್ಣನಿಗೆ ಅಷ್ಟು ಸಾಕಾಗಿತ್ತು. "ರಸ್ತೆಯೋರೇ ಬೇಡ ಅಂದ್ಮೇಲೆ ನಾನೇನ್ ಮಾಡ್ಲಿ ಜಗಣ್ಣ" ಎಂದು ಅರ್ಜಿಯ ಜೆರಾಕ್ಸನ್ನು ನಿಮ್ಮ ಕೈಗೆ ಕೊಟ್ಟರು.

ನೀವು ಆ ಜೆರಾಕ್ಸ್ ಹಿಡಿದು ನೇರ ಟೀಚರ್ ಮನೆ ಗೇಟಿಗೆ ಹೋದಿರಿ. ನಾನು ಎದುರುಗಡೆಯೇ ಇದ್ದೆ. ಮೊಳೆಯಿಂದ ಎರಡು ಚೀಟಿ ಕಿತ್ತು ತಂದಿದ್ದಿರಿ. "ಮೂವತ್ತು ವರ್ಷ ಓದಿದೀನಿ ಟೀಚರಮ್ಮ, ನಿಮ್ಮಕ್ಷರ ನಂಗೊತ್ತಿಲ್ವಾ?" ಅಂದಿರಿ. ಜೋರಾಗಿ ಕೂಗಿದ್ದರೆ ಚೆನ್ನಾಗಿತ್ತು, ನೀವು ಕೂಗಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ತಲೆಯೆತ್ತಿ ರಸ್ತೆಯ ಈಚೆ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ನೀವು ಅದನ್ನು ಒಪ್ಪಿಗೆ ಅಂದುಕೊಂಡಿರಿ.

ನಿಮಗೆ ತಿಳಿಯದಿದ್ದದ್ದು ಇಷ್ಟೇ. ನಾಲ್ಕನೇ ಕ್ಲಾಸಿನಿಂದ ಒಂಬತ್ತರವರೆಗೆ ಸಂಜೆ ಹೊತ್ತು ಅವರು ನನ್ನನ್ನು ಜಗಲಿಯ ಮೇಲೆ ಕೂರಿಸಿ ಕಾಪಿ ಬರೆಸುತ್ತಿದ್ದರು. ನನ್ನ ಅಕ್ಷರ ಅವರದೇ ಅಕ್ಷರ. ಬೇರೆ ಯಾವ ಪಾಠವೂ ನನಗೆ ಹತ್ತಲಿಲ್ಲ, ಅದೊಂದು ಹತ್ತಿತು.

ಅವತ್ತು ಸಂಜೆ ಅವರು ನನ್ನನ್ನು ಕರೆದರು. "ಯಾಕೆ ಅಂತ ನಾನು ಕೇಳಲ್ಲ ಕಣೇ. ನೀನೇ ಹೋಗಿ ಹೇಳು. ನೀನು ಹೇಳೋವರೆಗೂ ನನ್ನ ಬಾಯಿಂದ ಬರಲ್ಲ." ಹೇಳ್ತೀನಿ ಮಿಸ್ ಅಂದೆ. ವಾರ ಬಿಟ್ಟು "ಹೇಳಿದ್ಯಾ?" ಅಂದರು. ಇನ್ನೊಂದು ವಾರ ಬಿಟ್ಟು ಮತ್ತೆ. ಯುಗಾದಿ ಆದಮೇಲೆ ಕೇಳುವುದನ್ನು ಬಿಟ್ಟರು. ಮುಖದ ಮೇಲೆ ನಿಜ ಹೇಳುವವಳು ಅಂತ ನನಗೆ ರಸ್ತೆಯಲ್ಲೆಲ್ಲ ಹೆಸರು. ಕಂಡವರ ತಪ್ಪನ್ನೆಲ್ಲ ಹೇಳಿದ್ದೇನೆ. ಅವರ ಗೇಟಿನ ಮುಂದೆ ಹೋಗುವಾಗ ಫೋನು ಕಿವಿಗಿಟ್ಟುಕೊಂಡು ಹೋಗುತ್ತಿದ್ದೆ. ಆಚೆ ಕಡೆ ಯಾರೂ ಇರುತ್ತಿರಲಿಲ್ಲ.

ಗೋಡೆ ಬರೆದೆ. ನಿಮ್ಮ ಮುಖ, ನಿಮ್ಮ ಹುಬ್ಬಿನ ಮೇಲಿನ ಹಿಟ್ಟು, ಸಾಲು ಡಬ್ಬಗಳು. ಪಬ್ಬಿಗೆ ಹೆಸರು ಕೂಡ ಗಿರಣಿ ಅಂತಲೇ ಇಟ್ಟರು. ರಾಗಿಯ ಬಣ್ಣ ಮಂಕು, ಫೋಟೋದಲ್ಲಿ ಬರಲ್ಲ, ಕೆಂಪು ಬೇಕು ಅಂದರು ಸುಘೋಷ್. ನಾನು ಮಿಷನ್ನಿನ ಬಾಯಿಗೆ ಮೆಣಸಿನಕಾಯಿ ಸುರಿಯುವ ಹಾಗೆ ಬರೆದೆ. ಒಂದು ದಿನ ಬೆಳಿಗ್ಗೆ, ಬಾಗಿಲು ತೆಗೆಯುವ ಮುಂಚೆ ನೀವು ಬಂದಿರಿ. ಆಗಲೇ ಶ್ರೀಗಂಧದ ಕಾವಲ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದಿರಿ. ಯೂನಿಫಾರ್ಮ್ ನಿಮಗೆ ಭುಜದಲ್ಲಿ ದೊಡ್ಡದಾಗಿತ್ತು. ತುಂಬ ಹೊತ್ತು ನೋಡಿದಿರಿ. "ಮುಖ ಚೆನ್ನಾಗ್ ಬಂದಿದೆ. ಮೂಗು ಒಸಿ ದಪ್ಪ ಆಯ್ತು." ಆಮೇಲೆ, ಯಾರಿಗೋ ಕೇಳಿಸಬಾರದು ಎನ್ನುವಂತೆ, "ರಾಗಿ ಕಲ್ಲಿಗೆ ಖಾರ ಹಾಕ್ಬಿಟ್ಟಿದೀಯಲ್ಲಮ್ಮ" ಅಂದಿರಿ.

"ಅವ್ರಿಗೆ ಕೆಂಪು ಬೇಕಂತೆ ಮಾಮ."

"ಓ. ಹಂಗಾ."

ಅಷ್ಟೇ ಅಂದು ಹೋದಿರಿ. ನಾನು ಮರೆತು ತಪ್ಪು ಮಾಡಿದೆ ಎಂದುಕೊಂಡಿರಿ. ನಾನು ಮರೆತಿರಲಿಲ್ಲ. ಗೊತ್ತಿದ್ದೂ ಬರೆದೆ.

ಆ ಗೋಡೆ ಹದಿನಾಲ್ಕು ತಿಂಗಳು ಇತ್ತು. ಕ್ರಿಕೆಟ್ ತೋರಿಸುವ ದೊಡ್ಡ ಸ್ಕ್ರೀನ್ ಹಾಕಬೇಕೆಂದು ಹೋದ ತಿಂಗಳು ಪೂರ್ತಿ ಕಪ್ಪು ಬಳಿದರು. ನನಗೆ ಫೋನ್ ಕೂಡ ಮಾಡಲಿಲ್ಲ. ಅದಕ್ಕೆ ನಾನು ಅತ್ತಿಲ್ಲ, ಅಳಲು ನನಗೆ ಹಕ್ಕಿಲ್ಲ. ನಿಮ್ಮನ್ನು ಮಾರಿ ತಂದ ವಸ್ತು, ಅದೂ ಉಳಿಯಲಿಲ್ಲ ಎಂದು ಹೇಳುತ್ತಿದ್ದೇನೆ ಅಷ್ಟೇ.

ಹನ್ನೆರಡು ದಿನದ ಹಿಂದೆ ಟೀಚರ್ ತೀರಿಹೋದರು. ನಿಮಗೆ ಸುದ್ದಿ ಮುಟ್ಟಿತ್ತು, ನೀವು ಬಂದಿದ್ದಿರಿ. ಮನೆಯೊಳಕ್ಕೆ ಬರಲಿಲ್ಲ. ರಸ್ತೆಯ ಈಚೆ, ಹೊಂಗೆ ಮರದ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಿರಿ. ಅವರನ್ನು ಗಾಡಿಗೆ ಹತ್ತಿಸುವಾಗ ಎರಡು ಹೆಜ್ಜೆ ಮುಂದೆ ಬಂದು ಮತ್ತೆ ನಿಂತಿರಿ. ನಾನು ನಿಮ್ಮಿಂದ ಹತ್ತಡಿ ದೂರದಲ್ಲಿದ್ದೆ. ಆಗ ಒಂದೇ ಮಾತು ಹೇಳಿದ್ದರೆ ನೀವು ಹೋಗಿ ಅವರ ಮುಖ ನೋಡುತ್ತಿದ್ದಿರಿ. ನಾನು ಫೋನು ಕಿವಿಗಿಟ್ಟುಕೊಂಡೆ. ಗಾಡಿ ಹೋಯಿತು. ನೀವು ಟೋಪಿ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದಿರಿ.

ಗಿರಣಿ ಹೇಗಿದ್ದರೂ ಹೋಗುತ್ತಿತ್ತೋ ಏನೋ. ಜನ ಪ್ಯಾಕೆಟ್ ಹಿಟ್ಟಿಗೆ ತಿರುಗಿದ್ದರು, ಸರಿ ಹಿಟ್ಟೂ ಆನ್‌ಲೈನ್‌ನಲ್ಲಿ ಬರುತ್ತದೆ. ಎರಡು ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡಿದ್ದೇನೆ. ಆದರೆ ಟೀಚರ್ ಬದುಕಿನ ಕೊನೆಯ ಎರಡು ವರ್ಷ ನೀವು ಅವರ ಮೇಲೆ ಕಹಿ ಇಟ್ಟುಕೊಂಡು ಬದುಕಿದ್ದು ಹೇಗಿದ್ದರೂ ಆಗುವಂಥದ್ದಲ್ಲ. ಅದನ್ನು ಮಾಡಿದವಳು ನಾನು. ಈ ಕಾಗದದಿಂದ ಅದು ಸರಿಹೋಗುವುದಿಲ್ಲ. ನಿಮ್ಮ ನೋವು ಇನ್ನಷ್ಟು ಹೆಚ್ಚಾಗುತ್ತದೆ ಎಂದೂ ಗೊತ್ತು. ಆದರೂ ಅವರು ನಿಮಗೆ ಕೆಟ್ಟದ್ದು ಮಾಡಲಿಲ್ಲ ಎನ್ನುವುದು ಈಗ ನನ್ನೊಬ್ಬಳಿಗೇ ಗೊತ್ತಿದೆ. ನಾನೊಬ್ಬಳೇ ಇಟ್ಟುಕೊಳ್ಳುವಂಥದ್ದಲ್ಲ ಅದು.

ಕ್ಷಮಿಸಿ ಅಂತ ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು.

ಸೇಲಂ ಆಚೆಯ ತಿರುಚೆಂಗೋಡಿನಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಬಣ್ಣ ಬಳಿಯುವ ಕೆಲಸ ಸಿಕ್ಕಿದೆ. ಈಚೆಗೆ ನಾನಿದ್ದ ಹೆಗ್ಗನಹಳ್ಳಿಯ ರೂಮು ಖಾಲಿ ಮಾಡಿದ್ದೇನೆ. ನಿಮ್ಮ ಮಂಡಿ ನೋವಿಗೆ ರಾತ್ರಿ ಪಾಳಿ ಬೇಡ, ಹಗಲಿನದೇ ಕೇಳಿ ತೆಗೆದುಕೊಳ್ಳಿ. ನಿಂತು ಕಾಯುವ ಕೆಲಸದಲ್ಲಿ ನಿಮಗೆ ಕೂರಲು ಒಂದು ಕುರ್ಚಿಯಾದರೂ ಸಿಗಲಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಾಳೆ ಬೆಳಿಗ್ಗೆ ಆರೂವರೆಯ ಸೇಲಂ ಬಸ್ಸಿಗೆ ಹೋಗುತ್ತಿದ್ದೇನೆ.

ಬಿಂದುಶ್ರೀ