ಜೈಲಿನಲ್ಲಿ ಹೊಲಿಗೆ ಕಲಿಸಿದ ಮೊದಲ ದಿನ

ತಮ್ಮಾ,

ಇವತ್ತಿನಿಂದ ಜೈಲಿನ ಹೆಂಗಸರಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದೇನೆ. ವಿಚಾರಣೆಗೆಂದು ಎರಡು ವರ್ಷ ಕಾದು ನೀನು ಕಣ್ಣು ಮುಚ್ಚಿದ ಅದೇ ಜೈಲು. ನಾನು ಆ ಗೇಟು ದಾಟಿದ್ದು ಇದೇ ಮೊದಲು.

ಹನ್ನೊಂದು ಜನರಿದ್ದರು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಬಟ್ಟೆ ಕತ್ತರಿಸಿದರು. ಒಬ್ಬಳು ಮಾತ್ರ ಗೋಡೆಗೊರಗಿ ಕೂತೇ ಇದ್ದಳು. ಕತ್ತರಿ ಹಿಡಿದು ನಾನೇ ಅವಳ ಹತ್ತಿರ ಹೋದೆ.

“ನಂಗ್ ಬೇಡ ಅಕ್ಕಾ. ಗಂಡನ್ನ ಕೊಂದೋಳು ಅಂತ ಕೇಸಿದೆ. ಕತ್ತರಿ ಕೊಟ್ರೆ ನಿಮಗೇ ಭಯ ಆಗತ್ತೆ.”

ಭಯವೇನೋ ಆಗಿತ್ತು. ಆದರೂ, “ಅಂಗಿ ತೋಳು ಕತ್ತರಿಸೋಕೆ ಬರತ್ತಾ?” ಎಂದು ಕೇಳುತ್ತ ಅವಳ ಕೈಗಿಟ್ಟೆ. ಬಾಗಿಲಲ್ಲಿದ್ದ ಕಾವಲಿನವಳು ಎದ್ದು ನಿಂತಳು. ಇವಳು ನಾನು ಎಳೆದಿದ್ದ ಸೀಮೆಸುಣ್ಣದ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಹೋಗದೆ ಕತ್ತರಿಸಿದಳು. ಮುಗಿದ ಮೇಲೆ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ವಾಪಸು ಕೊಟ್ಟಳು.

“ಮೂರು ವರ್ಷ ಆಯ್ತು, ನಮ್ಮೋರು ಒಬ್ರೂ ಈ ಕಡೆ ತಲೆ ಹಾಕಿಲ್ಲ. ನೀವ್ಯಾಕ್ ಬಂದ್ರಿ? ನಿಮ್ಮೋರು ಯಾರಾದ್ರೂ ಇಲ್ಲಿದ್ರಾ?”

ಅಷ್ಟೂ ಜನ ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ಲಮ್ಮಾ, ಯಾರೂ ಇರ್ಲಿಲ್ಲ” ಎಂದುಬಿಟ್ಟೆ ಕಣೋ.

ನಿನ್ನ ಅಕ್ಕ