ಎರಡು ಟೇಪು ಹೇಳಿದ ಅಳತೆ

ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಕತ್ತರಿ,

ಹೇಗಿದ್ದೀಯೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರ್ತೀಯ, ಗೊತ್ತು. ಹೊಲಿಗೆ ಕ್ಲಾಸಿನಲ್ಲೂ ನಿನಗೆ ಕೋಪ ಮೂಗಿನ ತುದಿಯಲ್ಲೇ ಇರ್ತಿತ್ತು, ಕತ್ತರಿ ಅನ್ನೋ ಅಡ್ಡಹೆಸರು ಬಂದದ್ದೂ ಅದಕ್ಕೇ. ಈ ಸಲ ಪೂರ್ತಿ ಓದಿ ಆಮೇಲೆ ಬೈ. ಮೊದಲೇ ಹೇಳಿಬಿಡ್ತೀನಿ, ಸುದ್ದಿ ಒಳ್ಳೆಯದೇ.

ನಮ್ಮ ಗುಂಡುಪಿನ್ನಿಗೆ, ಅದೇ ನನ್ನ ಏಳು ವರ್ಷದ ಮಗಳಿಗೆ, ಆಪರೇಷನ್ ಆಯ್ತು. ಮೂರು ತಿಂಗಳ ಹಿಂದೆ ನಮ್ಮ ಹೊಲಿಗೆ ಅಂಗಡಿಯ ಚೂರುಬಟ್ಟೆ ಚೀಲದಲ್ಲಿ ರಕ್ತ ಹತ್ತಿದ ತುಂಡುಗಳು ಸಿಕ್ಕಿದವು. ಕತ್ತರಿ ಮುಟ್ಟಿ ಕೈ ಕುಯ್ದುಕೊಂಡಿದ್ದಾಳೆ ಅಂದುಕೊಂಡೆ. ಕೈ ಅಲ್ಲ. ಏಳು ವರ್ಷಕ್ಕೇ ಮುಟ್ಟಾಗೋದು ಅಂದರೇನೇ? ಇವರನ್ನ ಕೂಗಿದೆ. ಇವರೇ ಅಂಗಡಿಗೆ ಬೀಗ ಹಾಕಿ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರಕೊಂಡು ಹೋದರು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಎಡಗಡೆ ಅಂಡಾಶಯದಲ್ಲಿ ಗಡ್ಡೆ ಇದೆ. ದೊಡ್ಡ ಹೆಂಗಸರ ಮೈಯಲ್ಲಿರೋ ಅಷ್ಟು ಹಾರ್ಮೋನು ಸುರಿಸ್ತಿದೆ. ಅದಕ್ಕೇ ಎದೆ ಬೆಳೆದಿದೆ, ರಕ್ತ ಹೋಗಿದೆ. ಗಡ್ಡೆ ತೆಗೆದರೆ ಮಗು ಮತ್ತೆ ಮಗು ಆಗ್ತಾಳೆ" ಅಂದರು. "ಕಿತ್ತಳೆ ಗಾತ್ರ ಇದೆ" ಅಂತ ಇವರಿಗೆ ಹೇಳ್ತಿದ್ದರೆ ನಮ್ಮವಳು ಮಧ್ಯೆ ಬಾಯಿ ಹಾಕಿದಳು. "ಎಷ್ಟು ಇಂಚು?"

"ಮೂರು."

"ಸುತ್ತಳತೆಯಾ, ಅಗಲಾನಾ?"

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ನಕ್ಕರು ನೋಡು, ಆಗಲೇ ನನಗೆ ಹೋದ ಉಸಿರು ಬಂದದ್ದು.

ಗಡ್ಡೆ ಆಚೆ ಬಂತು, ಜೊತೆಗೆ ಆ ಅಂಡಾಶಯವೂ. ಎಲ್ಲೂ ಹರಡಿಲ್ಲ. ಇನ್ನೊಂದು ಚೆನ್ನಾಗಿದೆ, ಅದೊಂದೇ ಸಾಕಂತೆ. ಕೆಲವು ವರ್ಷ ತಪಾಸಣೆಗೆ ಹೋಗ್ತಿರಬೇಕು, ಹೋದರಾಯ್ತು. ಮೊನ್ನೆಯ ರಕ್ತ ಪರೀಕ್ಷೆಯಲ್ಲಿ ಹಾರ್ಮೋನು ಅವಳ ವಯಸ್ಸಿಗೆ ಇಳಿದಿದೆ. ಎದೆಸುತ್ತಳತೆ ಒಂದೂವರೆ ಇಂಚು ಕಡಿಮೆಯಾಗಿದೆ ಕಣೇ! ಇಷ್ಟು ವರ್ಷದ ಕಸುಬಿನಲ್ಲಿ ಫ್ರಾಕಿನ ಪಕ್ಕ ಹಿಡಿದು ಚಿಕ್ಕದು ಮಾಡುವಾಗ ಕುಣಿದಾಡಿದ್ದು ಇದೇ ಮೊದಲು. ಇವಳೋ, ಸ್ಕೂಲಿನಲ್ಲಿ "ನನ್ನ ಗಡ್ಡೆ ಮೂರಿಂಚು ಅಗಲ" ಅಂತ ಜಂಬ ಕೊಚ್ಚಿಕೊಂಡು ಬಂದಿದ್ದಾಳೆ. ನಕ್ಕೂ ನಕ್ಕೂ ಇವರಿಗೆ ಕೆಮ್ಮು ಹತ್ತಿತು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ನೀನು ಹೊಲಿದದ್ದೆಲ್ಲ ಅವರಿಗೆ ಬೇಗ ಗಿಡ್ಡ ಆಗಲಿ, ಆದರೆ ಅವರವರ ವಯಸ್ಸಿಗೆ ತಕ್ಕಷ್ಟೇ.

ನಿನ್ನ
ಸೂಜಿ

ತಾ.ಕ.: ಬರೆಯೋಕೆ ಮರೆತಿದ್ದೆ ಅಂತ ಸುಳ್ಳು ಹೇಳಲ್ಲ, ಕೈ ಬರಲಿಲ್ಲ. ಚಳಿಗಾಲದಲ್ಲೇ ನನ್ನ ಅಳತೆ ಪುಸ್ತಕದಲ್ಲಿ ಅವಳ ಎದೆ ಎರಡು ಇಂಚು ಏರಿತ್ತು. ಟೇಪು ಹಳತಾಯ್ತು ಅಂತ ಹೊಸದು ತಂದೆ. ಅದೂ ಅಷ್ಟೇ ಹೇಳಿತು. "ಅಮ್ಮಾ, ಇಲ್ಲಿ ನೋಯುತ್ತೆ" ಅಂದಳು. ನಾನು ಮುಂಭಾಗಕ್ಕೆ ನೆರಿಗೆ ಇಟ್ಟು ಫ್ರಾಕು ಹೊಲಿದು ಮುಚ್ಚಿದೆ, "ಇದನ್ನೆಲ್ಲ ಯಾರಿಗೂ ತೋರಿಸಬಾರದು" ಅಂದೆ. ಅದಕ್ಕೇ ರಕ್ತ ಕಂಡಾಗ ನನಗೂ ತೋರಿಸದೆ ಮೂರು ದಿನ ಚೂರುಬಟ್ಟೆ ಇಟ್ಟುಕೊಂಡಿದ್ದಳು. ನಿನ್ನೆ ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಬಂದಳು. ಒಳಗೆ ಬರದೆ ಬಾಗಿಲಲ್ಲೇ ನಿಂತು, ಫ್ರಾಕಿನ ಅಂಚನ್ನ ಮಂಡಿ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದಳು: "ಅಮ್ಮಾ, ಇದನ್ನ ತೋರಿಸಬಹುದಾ?"